ವೈಷ್ಣವಿಯ ಮನೆಯ ಕೀಲಿ

ದಾಕ್ಷಾಯಣಿಯ ಫ್ರಿಜ್ಜಿನ ಮೇಲೆ ಮಗಳ ಕ್ಯಾಲೆಂಡರ್ ಇತ್ತು. ಡಾಕ್ಟರಾದ ವೈಷ್ಣವಿ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ಮೂರು ತಿಂಗಳಿಗೆ ಕೆಂಪು, ವಾರ್ಡಿನಲ್ಲಿರುವ ಮೂರು ತಿಂಗಳಿಗೆ ಹಸಿರು. ಡಾಲಸ್ಸಿನ ಆಸ್ಪತ್ರೆಯೊಂದರಲ್ಲಿ ಎರಡೂ ವಿಭಾಗಗಳ ತರಬೇತಿಯನ್ನು ಒಟ್ಟಿಗೇ ಪಡೆಯುವ ಐದು ವರ್ಷದ ರೆಸಿಡೆನ್ಸಿ ಅವಳದು. ಇದು ಕೊನೆಯ ವರ್ಷ. ಜೂನ್ ಕಳೆದ ಮೇಲೆ ಹ್ಯೂಸ್ಟನ್ನಿನಲ್ಲಿ ಕೆಲಸ ಹಿಡಿದು ಪಕ್ಕದ ಪರ್ಲ್ಯಾಂಡಿನ ತಾಯಿಮನೆಗೆ ಹತ್ತಿರವಾಗುತ್ತಾಳೋ, ಡಾಲಸ್ಸಿನಲ್ಲೇ ಉಳಿಯುತ್ತಾಳೋ ಎಂಬುದೊಂದೇ ತಾಯಿಯ ಚಿಂತೆ.

ಡಾಲಸ್ ಎಂದರೆ ದಾಕ್ಷಾಯಣಿಗೆ ಊರಲ್ಲ, ನಳಿನಿ. ವೈಷ್ಣವಿಯ ಗೆಳತಿಯ ತಾಯಿ, ಮೈಸೂರಿನವಳು, ಡಾಲಸ್ಸಿನ ಪಕ್ಕದ ಪ್ಲೇನೋದಲ್ಲಿ ಮನೆ. ಫೋನಿನಲ್ಲಿ ಮಗಳ ಬಾಯಲ್ಲಿ ಬರುವುದೆಲ್ಲ ನಳಿನಿ ಆಂಟಿಯ ಬಿಸಿಬೇಳೆಬಾತು, ನಳಿನಿ ಆಂಟಿ ತಂದುಕೊಟ್ಟ ಹೊದಿಕೆ. ಮಗಳಿಗೆ ಜ್ವರ ಬಂದದ್ದೂ ದಾಕ್ಷಾಯಣಿಗೆ ತಿಳಿದದ್ದು ಜ್ವರ ಬಿಟ್ಟ ಮೇಲೆ, ಆ ಮನೆಯ ಸಾರನ್ನು ಹೊಗಳುವಾಗ.

ಫೆಬ್ರವರಿ ಹಸಿರು ತಿಂಗಳು. ವಾರ್ಡಿನವರಿಗೆ ಭಾನುವಾರ ರಜೆ ಇದ್ದೇ ಇರುತ್ತದೆಂದು ಲೆಕ್ಕ ಹಾಕಿ, ಮಗಳಿಗೆ ಹೇಳದೆ, ನಲವತ್ತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ನಾಲ್ಕೂವರೆ ತಾಸು ಡ್ರೈವ್ ಮಾಡಿ ದಾಕ್ಷಾಯಣಿ ಡಾಲಸ್ಸಿನ ಅಂಚಿನ ರಿಚರ್ಡ್‌ಸನ್ನಿಗೆ ಬಂದಳು. ಮಗಳ ಅಪಾರ್ಟ್‌ಮೆಂಟಿಗೆ ಬೀಗ. ಬಾಗಿಲಲ್ಲಿ ನಿಂತಿದ್ದೇನೆಂದು ಮೆಸೇಜು ಹಾಕಿದಳು. ಅರ್ಧ ತಾಸಿನ ಮೇಲೆ ಉತ್ತರ ಬಂತು: ಯಾರೋ ಬಾಣಂತನದ ರಜೆ ಹಾಕಿದ್ದರಿಂದ ಈ ತಿಂಗಳು ಎಮರ್ಜೆನ್ಸಿಗೆ ಬದಲಾಗಿದೆ, ಬರುವುದು ನಾಲ್ಕಕ್ಕೆ, ಕೀಲಿ ನಳಿನಿ ಆಂಟಿಯ ಹತ್ತಿರ ಇದೆ.

ಐದು ವರ್ಷದಲ್ಲಿ ಹೆತ್ತವಳಿಗೊಂದು ಕೀಲಿ ಕೊಡಬೇಕೆಂದು ಮಗಳಿಗೆ ತೋಚಿರಲಿಲ್ಲ. ಪ್ಲೇನೋ ತನಕ ದಾಕ್ಷಾಯಣಿಯ ಹೊಟ್ಟೆ ಉರಿಯುತ್ತಲೇ ಇತ್ತು.

ನಳಿನಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ವೈಷ್ಣವಿ ಊಟಕ್ಕೆ ಇಲ್ಲಿಗೇ ಬರುತ್ತಾಳೆ, ಜೊತೆಯಲ್ಲೇ ಹೋದರಾಯಿತು ಎಂದಳು. ಅವಳ ಫ್ರಿಜ್ಜಿನ ಮೇಲೂ ಒಂದು ಕ್ಯಾಲೆಂಡರ್ ಇತ್ತು. ಬಣ್ಣ ಹಚ್ಚಿರಲಿಲ್ಲ. ಆದರೆ ಫೆಬ್ರವರಿ ಸರಿಯಾಗಿತ್ತು: ಎಮರ್ಜೆನ್ಸಿ.

"ರೊಟ್ಟಿ ಗಂಟು ಕೊಡಿ, ಟೇಬಲ್ ಮೇಲಿಡ್ತೀನಿ."

"ಇರಲಿ ಬಿಡ್ರಿ. ನಿಮ್ಮನಿ ಅಡಗಿ ಮುಂದ ಇದನ್ನ ಯಾರು ಕೇಳ್ತಾರ."

ನಳಿನಿ ತಟ್ಟೆ ಹಾಕಿದಳು.

ವೈಷ್ಣವಿ ಬಂದವಳೇ ತಾಯಿಯ ಭುಜಕ್ಕೆ ತಲೆ ಆನಿಸಿದಳು. ಊಟಕ್ಕೆ ಕೂತ ಮೇಲೆ ವಾರದಿಂದ ನುಂಗಿಕೊಂಡಿದ್ದ ವಿಷಯ ತೆಗೆದಳು. ಹ್ಯೂಸ್ಟನ್ನಿನವರಿಗೆ ಎಮರ್ಜೆನ್ಸಿಗೆ ಮಾತ್ರ ಡಾಕ್ಟರು ಬೇಕು, ಡಾಲಸ್ಸಿನವರಿಗೆ ವಾರ್ಡಿಗೆ ಮಾತ್ರ. ಅರ್ಧ ತಿಂಗಳು ಅದು, ಅರ್ಧ ತಿಂಗಳು ಇದು ಎಂದು ಒಪ್ಪಿದ್ದು ಎರಡೂ ಊರಿಂದ ಸುಮಾರು ಮೂರು ತಾಸು ದೂರದ ಆಸ್ಟಿನ್ನಿನ ಒಂದು ಆಸ್ಪತ್ರೆ.

"ಎರಡೂ ಕಲ್ತು ಒಂದನ್ನ ಬಿಡೂದು ನನ್ನ ಕೈಲೆ ಆಗಂಗಿಲ್ಲಮ್ಮ. ನಿನ್ನೆ ಸೈನ್ ಮಾಡೀನಿ."

ದಾಕ್ಷಾಯಣಿಗೆ ಮೊದಲು ಆದದ್ದು ಸಂತೋಷ. ಮಗಳು ನಳಿನಿಗೂ ಸಿಗಲಿಲ್ಲ. ಹಾಗೆಂದುಕೊಂಡೇ ಅವಳತ್ತ ತಿರುಗಿದಳು. ಸಾರಿನ ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಆ ಮುಖವನ್ನು ದಾಕ್ಷಾಯಣಿ ಐದು ವರ್ಷದಿಂದ ಕನ್ನಡಿಯಲ್ಲಿ ನೋಡುತ್ತ ಬಂದಿದ್ದಳು.

ಗಂಟು ಬಿಚ್ಚಿ ಎರಡು ರೊಟ್ಟಿ ತೆಗೆದು ಮೊದಲು ನಳಿನಿಯ ತಟ್ಟೆಗೇ ಹಾಕಿದಳು. ಆಮೇಲೆ ಮಗಳನ್ನು ಕೇಳಿದಳು.

"ಆಸ್ಟಿನ್ ಮನಿಗೆ ಎಷ್ಟು ಕೀಲಿ ಮಾಡಿಸ್ತಿ?"

"ಎರಡು. ನಿನಗೊಂದು, ಆಂಟಿಗೊಂದು."

"ಮಾಡಸು. ಆದರ ಮೊದಲನೇದು ನನ್ನ ಕೈಗೆ ಬರಬೇಕು."