ಅಂಜನಮ್ಮನ ಕೊನೆಯ ಸ್ನಾನ

ಕವನಾ ಮಗಳ ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಕೂದಲ ಸಿಕ್ಕು ಬಿಡಿಸುತ್ತಿದ್ದಳು. ತೀರಿಕೊಂಡ ಅಮ್ಮ ಅಂಜನಮ್ಮನ ಹಾಲುತುಪ್ಪದ ಕಾರ್ಯ ನಿನ್ನೆ ಮುಗಿದಿತ್ತು. ನೆಂಟರು ಹೋಗಿದ್ದರು. ಸ್ಕೂಲ್ ವ್ಯಾನು ಎಂದಿನಂತೆ ಬರಲಿತ್ತು.

"ಅಮ್ಮಾ, ಅಜ್ಜಿ ತಮ್ಮ ಎಡಗಡೆ ಒರಗ್ಬೇಡ ಅಂತಿದ್ರಲ್ಲ, ಈಗಾದ್ರೆ ಒರಗ್ಬೋದಿತ್ತಾ?"

"ತಲೆ ಅಲ್ಲಾಡಿಸ್ಬೇಡ ಕುಸುಮಾ."

ನಡುಮನೆಯಲ್ಲಿ ಅಪ್ಪ ಚಿಕ್ಕಹನುಮಯ್ಯ ಪೇಪರನ್ನು ಬಿಚ್ಚದೆ ಹಿಡಿದು ಕೂತಿದ್ದರು. ಕ್ಯಾನ್ಸರ್ ಅಂತ ಅಮ್ಮನ ಎಡ ಎದೆಯನ್ನು ತೆಗೆದ ಜಾಗವನ್ನು ಅವರೂ ನೋಡಿರಲಿಲ್ಲ. ಕವನಾಳನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಅಮ್ಮ ತೋರಿಸಿರಲಿಲ್ಲ. ಕೊನೆಯ ಸ್ನಾನದವರೆಗೂ ಹಾಗೇ ಉಳಿಯಿತೇ? ಅದನ್ನು ಅವಳು ಇನ್ನೂ ಯಾರನ್ನೂ ಕೇಳಿರಲಿಲ್ಲ.

*

"ನೀನು ಆಚೆ ನಿಂತ್ಕೊಳವ್ವಾ," ದೊಡ್ಡಮ್ಮ ಹನುಮಕ್ಕ ಕೈ ಅಡ್ಡ ಇಟ್ಟರು.

ಅಮ್ಮ ತೀರಿಕೊಂಡ ದಿನ ಅದು. ಮನೆಯ ಹಿಂದಿನ ಪ್ಯಾಸೇಜಿನಲ್ಲಿ ಸೀರೆ ಮರೆ ಕಟ್ಟಿ, ಅಂಜನಮ್ಮನನ್ನು ಹಲಗೆಯ ಮೇಲೆ ಮಲಗಿಸಿದ್ದರು.

"ಮುತ್ತೈದೆ ಸಾವು ಕಣೇ. ಅರಿಶಿನ ಹಚ್ಚಿ ನೀರ್ ಹಾಕೋಕೆ ಮುತ್ತೈದೇರೇ ಆಗ್ಬೇಕು. ನಿನ್ಗೆ ಹೇಳ್ಕೊಡ್ಬೇಕಾ?"

ಕವನಾಳ ಗಂಡ ಶಶಿಕುಮಾರ್ ತೀರಿಕೊಂಡು ಎರಡು ವರ್ಷವಾಗಿತ್ತು.

"ಒಬ್ರೇ ಹೋಗ್ಲಿ ದೊಡ್ಡಮ್ಮ. ಎಲ್ರೂ ಬೇಡ."

"ಅವಳೇನು ಹಸೆಮಣೆ ಮೇಲೆ ಕೂತವ್ಳಾ ನಾಚ್ಕೊಳೋಕೆ?"

ಅಷ್ಟರಲ್ಲಿ ಹನುಮಕ್ಕನ ರವಿಕೆಯೊಳಗಿಂದ ಮೊಬೈಲು ಜೋರಾಗಿ ದೇವರನಾಮ ಹಾಡತೊಡಗಿತು. "ಮೊದ್ಲು ಅದ್ರ ಬಾಯಿ ಮುಚ್ಸಕ್ಕಾ," ಯಾರೋ ಅಂದರು. ಒಂದಿಬ್ಬರು ಸೆರಗಿನಲ್ಲಿ ನಕ್ಕರು.

"ನಾನ್ ಹೋಗ್ತೀನಿ."

ಕೆಳಗಿನ ಪೋರ್ಷನ್ನಿನ ಚೇತನಾ. ಅವಳ ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ.

"ಮೊಲೆ ಕುಡಿಯೋ ಮಗು ಇಟ್ಕೊಂಡು ಹೆಣ ಮುಟ್ತೀಯಾ? ನಿಮ್ಮತ್ತೆ ಏನಂದಾರು?"

"ಅವ್ರು ಊರಲ್ಲಿದಾರೆ. ನೀವು ಹೇಳ್ದೇ ಇದ್ರೆ ಆಯ್ತು."

ಚೇತನಾ ಚೊಂಬು ಎತ್ತಿಕೊಂಡು ಒಬ್ಬಳೇ ಮರೆಯೊಳಗೆ ಹೋದಳು. ಕವನಾ ಸೀರೆಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹೆಂಗಸರ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು.

*

ಆಪರೇಷನ್ ಆದಾಗ ಅಂಜನಮ್ಮನಿಗೆ ಎಡಗೈ ಎತ್ತಲಾಗುತ್ತಿರಲಿಲ್ಲ. ಪಕ್ಕೆಯಲ್ಲಿ ನಳಿಕೆ, ಅದಕ್ಕೊಂದು ಚೀಲ. ರವಿಕೆ ತೊಡುವ ಮಾತೇ ಇರಲಿಲ್ಲ. ಚೇತನಾ ಬಾಣಂತನದ ನೈಟಿಯೊಂದನ್ನು ಕೊಟ್ಟಿದ್ದಳು. ಹಾಲೂಡಿಸಲೆಂದು ಎದೆಯ ಎರಡೂ ಬದಿಗೆ ಜಿಪ್ಪಿತ್ತು.

"ಇಲ್ದಿರೋ ಕಡೆಗೂ ಒಂದ್ ಬಾಗ್ಲು ಇಟ್ಟವ್ರೆ ನೋಡೇ," ಅಂಜನಮ್ಮ ನಕ್ಕರು. ನಗುವಾಗ ಹೊಲಿಗೆ ಎಳೆದು ಮುಖ ಕಿವುಚಿದರು.

ಕಾಯಿಲೆ ಮತ್ತೆ ಬಂದ ಮೇಲೆ ಒಂದು ಮಧ್ಯಾಹ್ನ ಹೇಳಿದರು: "ನಾನ್ ಹೋದಾಗ ಅವ್ರೆಲ್ಲರ ಮುಂದೆ ಬಿಚ್ಚಿಸ್ಬೇಡ. ನೋಡಿ ಲೊಚಗುಟ್ತಾರೆ. ನೀನೇ ನೀರ್ ಹಾಕು."

"ನನ್ನ ಬಿಡ್ತಾರಾ ಅಮ್ಮ?"

ಅಂಜನಮ್ಮ ಗೋಡೆ ಕಡೆ ತಿರುಗಿದರು.

*

ವ್ಯಾನು ಹೋದ ಮೇಲೆ ಕವನಾ ಒಗೆದು ಮಡಿಸಿದ ನೈಟಿ ಹಿಡಿದು ಕೆಳಗಿಳಿದಳು. ಚೇತನಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಬಾಗಿಲು ತೆರೆದಳು.

"ನಿಂದು. ಸತ್ತೋರು ತೊಟ್ಟಿದ್ದು ಬೇಡ ಅನ್ಸಿದ್ರೆ ಹೇಳು, ಎಸೀತೀನಿ."

"ಕೊಡಿ ಅಕ್ಕ. ಆಂಟಿ ತೊಟ್ಟಿದ್ದಲ್ವಾ."

ಚೇತನಾ ಹಿಡಿದುಕೊಂಡಳು. ಕವನಾ ಬಿಡಲಿಲ್ಲ.

"ಅವತ್ತು ನೀನು..."

"ನೋಡ್ಲಿಲ್ಲ ಅಕ್ಕ." ಚೇತನಾ ದನಿ ತಗ್ಗಿಸಿದಳು. "ಇದ್ದಾಗ್ಲೇ ಆಂಟಿ ನನ್ಗೆ ತೋರಿಸಿರ್ಲಿಲ್ವಲ್ಲ. ಮೇಲೆ ಬಟ್ಟೆ ಇಟ್ಕೊಂಡೇ ನೀರ್ ಹಾಕ್ದೆ. ಅರಿಶಿನ ಹಚ್ಚುವಾಗ ಕಣ್ಣು ಮುಚ್ಕೊಂಡಿದ್ದೆ. ಎಲ್ಲಾ ಕಡೆ ಸರಿಯಾಗಿ ಹತ್ತಿತೋ ಇಲ್ವೋ ಗೊತ್ತಿಲ್ಲ."

ಕವನಾ ನೈಟಿ ಬಿಟ್ಟಳು.

ಚೇತನಾಳ ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಹೋಗಿರಲಿಲ್ಲ. ಕೂಸು ಆ ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು.