ಬಂದರೋ, ಬರುತ್ತಾರೋ

ಗುಂಡ್ಲುಪೇಟೆಯಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಆಸ್ಟ್ರಿಡ್ ನಾರ್ವೆ ದೇಶದವರು. ಊರವರಿಗೆ ಅವರು ಬರೀ ನರ್ಸಮ್ಮ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿರಬೇಕು, ಅವರು ತಮ್ಮ ವಯಸ್ಸಾದ ತಾಯಿ ಹೆಲ್ಗಾರನ್ನು ಇಲ್ಲಿಗೇ ಕರೆಸಿಕೊಂಡರು. ಹೆಲ್ಗಾರಿಗೆ ನಾರ್ವೆಯ ಮಾತು ಬಿಟ್ಟರೆ ಇಂಗ್ಲಿಷೂ ಬಾರದು. ಹಗಲೆಲ್ಲ ಅವರ ಜೊತೆಗಿರಲು ಒಬ್ಬರು ಬೇಕಾಗಿ, ತಾಲ್ಲೂಕು ಕಚೇರಿಯ ಗುಮಾಸ್ತ ಮಹದೇವಪ್ಪನ ಹೆಂಡತಿ ಗಂಗಾಂಬಿಕೆಯನ್ನು ನರ್ಸಮ್ಮ ಕೇಳಿದರು. ಮಿಡ್ಲ್ ಸ್ಕೂಲು ಓದಿದ್ದ ಗಂಗಾಂಬಿಕೆ ಹೊಸದೊಂದು ಭಾಷೆ ಕಲಿಯುವ ಆಸೆಗೇ ಒಪ್ಪಿಕೊಂಡಳು.

ದಿನಾ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ನರ್ಸಮ್ಮ ಅವಳಿಗೆ ಪಾಠ ಹೇಳುತ್ತಿದ್ದರು. ನೀರು, ಬ್ರೆಡ್ಡು, ಹಾಸಿಗೆ ಇಂಥ ಮಾತುಗಳು ಬೇಗ ನಾಲಿಗೆಗೆ ಹತ್ತಿದವು. ಕ್ರಿಯಾಪದ ಬಂದರೆ ಮಾತ್ರ ಕೈಕಾಲು ಬಿಡುತ್ತಿತ್ತು. ಕನ್ನಡದಲ್ಲಿ ಬಂದ, ಬಂದಳು, ಬಂದರು ಎಂದರೆ ಸಾಕು, ಬಂದವರು ಎಂಥವರೆಂದು ತಿಳಿದುಹೋಗುತ್ತದೆ. ನಾರ್ವೆಯ ಮಾತಿನಲ್ಲಿ ನಾಯಿ ಬಂದರೂ ಮಾವ ಬಂದರೂ ಒಂದೇ ಮಾತು. ಈಗ ಬರುವುದಕ್ಕೂ ನಾಳೆ ಬರುವುದಕ್ಕೂ 'ಕೊಮ್ಮೆರ್', ಬಂದಾಗಿದ್ದರೆ 'ಕೊಮ್'. ಇಷ್ಟೇ ವ್ಯತ್ಯಾಸ. ಹಲ್ಲಿಲ್ಲದ ಹೆಲ್ಗಾರ ಬಾಯಲ್ಲಿ ಆ 'ಮೆರ್' ಎಷ್ಟೋ ಸಲ ಕೇಳಿಸುತ್ತಲೇ ಇರಲಿಲ್ಲ. ಗಂಗಾಂಬಿಕೆ 'ಯಾ, ಯಾ' ಎಂದು ತಲೆಯಾಡಿಸಿ ದಿನ ದೂಡುತ್ತಿದ್ದಳು.

ಒಂದು ಬೆಳಿಗ್ಗೆ ನರ್ಸಮ್ಮ ಹೆರಿಗೆಗೆಂದು ಬೇಗೂರಿಗೆ ಹೋಗಿದ್ದರು. ಹೆಲ್ಗಾ ತಲೆ ಬಾಚಿಸಿಕೊಂಡು, ಒಳ್ಳೆಯ ಉಡುಪು ತೊಟ್ಟು, ಬಾಗಿಲ ಕಡೆಗೇ ನೋಡುತ್ತ ಕೂತರು. ಯಾಕೆಂದು ಕೇಳಿದರೆ ಲಾರ್ಸ್ ಎಂಬ ಹೆಸರು ಹೇಳಿದರು, ಇವತ್ತು ಎಂದರು, ಕೊಮ್ಮೆರ್ ಎಂದರು. ಲಾರ್ಸ್ ಯಾರೆಂದು ಗಂಗಾಂಬಿಕೆಗೆ ಗೊತ್ತಿರಲಿಲ್ಲ. ನರ್ಸಮ್ಮನ ಅಣ್ಣನೋ ತಮ್ಮನೋ ಇರಬೇಕು ಅಂದುಕೊಂಡಳು. ಅಡುಗೆಯ ಮೂಗಮ್ಮನ ಹತ್ತಿರ ತನ್ನ ಅನುಮಾನ ಹೇಳಿಕೊಂಡಳು.

"ಬಂದ್ರು ಅಂದ್ರೋ, ಬತ್ತಾರೆ ಅಂದ್ರೋ, ನಂಗೇ ತಿಳೀತಿಲ್ಲ ಕಣಕ್ಕ."

"ಬಂದಿದ್ರೆ ಇಲ್ಲೇ ಇರ್ತಿರ್ನಿಲ್ವಾ? ಬತ್ತಾರೆ ಅಂತ್ಲೇ ಕಣಮ್ಮಿ. ಓಗಿ ಕರ್ಕಬಾ, ನಾನು ನೋಡ್ಕತೀನಿ" ಎಂದಳು ಮೂಗಮ್ಮ.

ಆ ಮಾತು ಸರಿಯೆನಿಸಿತು. ಹೆಲ್ಗಾ ಬಂದಾಗಲೂ ರೈಲಿನಲ್ಲಿ ಚಾಮರಾಜನಗರದಲ್ಲಿ ಇಳಿದು ಬಸ್ಸು ಹಿಡಿದಿದ್ದರು. ಗಂಗಾಂಬಿಕೆಯೂ ಚಾಮರಾಜನಗರದ ಬಸ್ಸು ಹತ್ತಿ ಸ್ಟೇಷನ್ನಿಗೆ ಹೋದಳು. ರೈಲು ಬಂತು. ಟೋಪಿ ಹಾಕಿದ ಬಿಳಿಯರೊಬ್ಬರು ಇಳಿದರು. ಎದುರಿಗೆ ಹೋಗಿ "ಲಾರ್ಸ್?" ಎಂದಳು. ಅವರು ಅಲ್ಲವೆಂದು ತಲೆಯಾಡಿಸಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ಕಾದಿದ್ದ ಜೀಪು ಹತ್ತಿಹೋದರು. ಪ್ಲಾಟ್‌ಫಾರ್ಮು ಖಾಲಿಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕೊಮ್, ಕೊಮ್ಮೆರ್ ಎಂದು ಹೇಳಿಕೊಂಡೇ ಹೇಳಿಕೊಂಡಳು. ಹೇಳಿದಷ್ಟೂ ಎರಡೂ ಒಂದೇ ಆಗುತ್ತ ಹೋದವು.

ಸಂಜೆ ನರ್ಸಮ್ಮ ಬಂದು ನಡೆದದ್ದನ್ನು ಕೇಳಿದವರೇ ಕೈಲಿದ್ದ ಚೀಲ ಕೆಳಗಿಟ್ಟರು.

"ಲಾರ್ಸ್ ನಮ್ಮ ತಂದೆ. ನಾನು ಚಿಕ್ಕವಳಿದ್ದಾಗಲೇ ಸಮುದ್ರದಲ್ಲಿ ತೀರಿಕೊಂಡರು. ಅಮ್ಮ 'ಕೊಮ್' ಅಂದಿರಬೇಕು. ಯಾವುದೋ ಹಳೆಯ ಸಂಗತಿ ಹೇಳಿರಬೇಕು."

ಗಂಗಾಂಬಿಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸತ್ತವರನ್ನು ಕರೆತರಲು ರೈಲಿಗೆ ಹೋಗಿದ್ದೆನಲ್ಲ ಎಂದು ಗಂಡನೆದುರು ಅತ್ತಳು, ಕೆಲಸ ಬಿಡುತ್ತೇನೆಂದಳು. ಇನ್ನೊಂದಿಷ್ಟು ದಿನ ನೋಡು ಎಂದ ಅವನು.

ಅಲ್ಲಿಂದ ಮುಂದೆ ಅವಳು ಮಾತಿನ ಕೊನೆಯನ್ನೇ ಕಿವಿಗೊಟ್ಟು ಕೇಳತೊಡಗಿದಳು. ಕಾಫಿ ಕುಡಿದಾದ ಮೇಲೆ, ಕುಡಿದಿರಾ ಎಂದು ಬೇಕೆಂದೇ ಕೇಳುವಳು. ಕುಡಿದೆ ಎಂದೇ ಹೆಲ್ಗಾ ಹೇಳುವರು. ರಾತ್ರಿ ಮಳೆ ಬಿದ್ದಿದ್ದರೆ ಬಿತ್ತು ಎನ್ನುವರು, ಬೀಳುತ್ತಿದ್ದರೆ ಬೀಳುತ್ತಿದೆ ಎನ್ನುವರು. ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು. ಲಾರ್ಸನ ವಿಷಯ ಬಂದಾಗ ಮಾತ್ರ ಕೊಮ್ಮೆರ್. ಇವತ್ತು ಬರುತ್ತಾನೆ, ದೋಣಿ ಕಟ್ಟುತ್ತಿದ್ದಾನೆ, ಹಸಿದಿರುತ್ತಾನೆ. ತನ್ನ ಕಿವಿ ತಪ್ಪಲ್ಲವೆಂದು ಖಾತ್ರಿಯಾದಾಗ ಗಂಗಾಂಬಿಕೆಗೆ ಸಂತೋಷವಾಗಬೇಕಿತ್ತು, ಆದದ್ದು ಹೆದರಿಕೆ. ನರ್ಸಮ್ಮ ಸಿರಿಂಜು ಕುದಿಸುತ್ತಿದ್ದ ಹೊತ್ತಿಗೆ ಹೋಗಿ ಹೇಳಿದಳು.

ನರ್ಸಮ್ಮ ಇಕ್ಕಳದಿಂದ ಸಿರಿಂಜನ್ನು ಎತ್ತಿ ತಟ್ಟೆಯಲ್ಲಿಟ್ಟರು. "ನನಗೂ ಹಾಗೇ ಕೇಳಿಸಿತ್ತು, ಗಂಗಾ. ಕೇಳಿಸಿದ್ದು ಸುಳ್ಳಾಗಲಿ ಅಂತ ತಪ್ಪನ್ನು ನಿನ್ನ ಕಿವಿಯ ಮೇಲೆ ಹಾಕಿದೆ."

ಆಮೇಲೆ ತಾಯಿಗೆ ನಿಜವನ್ನೇ ಹೇಳಿ ನೋಡಿದರು. ಹೆಲ್ಗಾ ಆಗಷ್ಟೇ ಸುದ್ದಿ ಮುಟ್ಟಿದವರಂತೆ ಗೋಳಾಡಿದರು. ಮಾರನೆಯ ದಿನ ಅದೂ ಮರೆತುಹೋಗಿ, ಮತ್ತೆ ತಲೆ ಬಾಚಿಸಿಕೊಂಡು ಬಾಗಿಲ ಕಡೆಗೆ ತಿರುಗಿ ಕೂತರು. ಇನ್ನು ಹೇಳುವುದು ಬೇಡವೆಂದರು ನರ್ಸಮ್ಮ. ಹಾಗಾದರೆ ಬರುತ್ತಾನಲ್ಲವೇ ಎಂದು ಹೆಲ್ಗಾ ಕೇಳಿದಾಗ ಏನೆನ್ನಬೇಕು? ಕೊನೆಗೆ ಗಂಗಾಂಬಿಕೆ "ಯಾ, ಹಾನ್ ಕೊಮ್ಮೆರ್" ಎನ್ನತೊಡಗಿದಳು. ಹೌದು, ಬರುತ್ತಾರೆ. ತಡವರಿಸದೆ ಅವಳು ಆಡಿದ ಮೊದಲ ವಾಕ್ಯ ಅದು. ಇದು ಸುಳ್ಳೋ, ಇಲ್ಲಾ ಬರೀ ವ್ಯಾಕರಣವೋ ಎಂದು ಅವಳಿಗೆ ಬಗೆಹರಿಯಲಿಲ್ಲ.

ಮಾಗಿಯ ಒಂದು ಮಧ್ಯಾಹ್ನ, ಜಗುಲಿಯ ಬಿಸಿಲಲ್ಲಿ ಕೂತಿದ್ದ ಹೆಲ್ಗಾ ಇದ್ದಕ್ಕಿದ್ದಂತೆ ಅವಳ ಕೈ ಹಿಡಿದು, ಒಂದೊಂದೇ ಮಾತು ಬಿಡಿಸಿ ಕೇಳಿದರು. ಲಾರ್ಸ್ ಸತ್ತುಹೋದ, ಅಲ್ಲವೇ?

ನರ್ಸಮ್ಮ ಹೆರಿಗೆ ಕೋಣೆಯಲ್ಲಿದ್ದರು. ಎರಡು ಉತ್ತರಗಳೂ ಗಂಗಾಂಬಿಕೆಯ ನಾಲಿಗೆಯ ಮೇಲೆ ಬಂದು ನಿಂತವು. ಆ ಮುಖ ನೋಡಿ ಅವಳು ಹೌದು, ತೀರಿಕೊಂಡರು, ಬಹಳ ಹಿಂದೆ, ಎಂದಳು. ಕ್ರಿಯಾಪದದ ಕಾಲ ತಪ್ಪಲಿಲ್ಲ.

ಹೆಲ್ಗಾ ಅಳಲಿಲ್ಲ. ಅವನನ್ನು ಸಮುದ್ರದಿಂದ ಹುಡುಕಿ ತಂದರೇ ಎಂದು ಕೇಳಿದರು. ಅದೊಂದು ಗಂಗಾಂಬಿಕೆಗೆ ತಿಳಿಯದು. ನನಗೆ ಗೊತ್ತಿಲ್ಲ ಎಂದಳು.

"ನನಗೂ ಗೊತ್ತಿಲ್ಲ" ಎಂದರು ಹೆಲ್ಗಾ. ಹಿಡಿದ ಕೈಯನ್ನು ಬಿಡದೆ, ಬಿಸಿಲು ಸರಿದ ಕಡೆಗೆ ತಮ್ಮ ಕುರ್ಚಿಯನ್ನು ಸರಿಸಲು ಹೇಳಿದರು.