ಹಾರ ಹಾಕಿಸಿಕೊಂಡ ಚೌಕಟ್ಟು

ನಾನು ಒಂದು ಫೋಟೋ ಚೌಕಟ್ಟು. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ, ಸಂದಿಯೊಳಗಿನ ಕಟ್ಟು ಹಾಕುವ ಅಂಗಡಿಯಲ್ಲಿ ಹುಟ್ಟಿದೆ. ಸಾಗವಾನಿಯ ನಾಲ್ಕು ಪಟ್ಟಿ, ಮೂಲೆಗೆ ಮೊಳೆ, ಎದೆಗೆ ಗಾಜು, ಬೆನ್ನಿಗೆ ರಟ್ಟು. ಜೊತೆಗೆ ಹುಟ್ಟಿದವರಿಗೆಲ್ಲ ಲಕ್ಷ್ಮಿ, ಗಣಪತಿ, ಮದುವೆ ಜೋಡಿಗಳು ಸಿಕ್ಕವು. ನಾನು ಮಾತ್ರ ತಿಂಗಳುಗಟ್ಟಲೆ ಖಾಲಿ ಹೊಟ್ಟೆಯಲ್ಲಿ ಗೋಡೆಗೊರಗಿ ಕೂತಿದ್ದೆ. ಕೊನೆಗೆ ಪಂಪ್ ಮೋಟಾರ್ ತಯಾರಿಸುವ ದೊಡ್ಡ ಕಂಪನಿಯವರು ಬಂದು ನನ್ನನ್ನು ಕೊಂಡು ಹೋದರು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನೋಟಿಸ್ ಬೋರ್ಡಿನ ಪಕ್ಕ ನನ್ನನ್ನು ತೂಗುಹಾಕಿದರು. ತಲೆಯ ಮೇಲೆ ‘ತಿಂಗಳ ಉತ್ತಮ ಕೆಲಸಗಾರರು’ ಎಂದು ಬರೆಸಿದರು. ಪ್ರತಿ ತಿಂಗಳು ಹೊಸ ಮುಖ ನನ್ನೊಳಗೆ ಬರುತ್ತಿತ್ತು, ಹಳೆಯದು ಮನೆಗೆ ಹೋಗುತ್ತಿತ್ತು. ಎತ್ತರದಲ್ಲಿ ಇದ್ದುದರಿಂದ ಯಾರ ನೆತ್ತಿ ಬೋಳಾಗುತ್ತಿದೆ ಎಂಬುದು ಅವರ ಹೆಂಡಿರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು. ಕೆಳಗೆ ನಿಂತು ತಮ್ಮದೇ ಫೋಟೋ ನೋಡಿಕೊಳ್ಳುವವರ ಸಂಭ್ರಮವನ್ನು ಏನು ಹೇಳಲಿ! ಲೇಥಿನ ಬಸಲಿಂಗಪ್ಪನಂತೂ ಆ ತಿಂಗಳಿಡೀ ನನ್ನ ಕೆಳಗಿನ ಮೇಜು ಬಿಟ್ಟು ಬೇರೆ ಕಡೆ ಊಟಕ್ಕೇ ಕೂರಲಿಲ್ಲ.

ನನ್ನೊಳಗೆ ಮೂರು ಸಲ ಬಂದವಳು ಒಬ್ಬಳೇ, ವೈಂಡಿಂಗ್ ವಿಭಾಗದ ನೀಲಗಂಗಾ ಹಡಪದ. ಮೋಟಾರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಆಕೆಯ ಕೈಗೆ ಸಾಟಿ ಇರಲಿಲ್ಲ. ಡಿಪ್ಲೊಮಾ ಮುಗಿಸಿ ಬಂದವರಿಗೆ ಕೆಲಸ ಕಲಿಸುವವಳು ಆಕೆ. ಆರು ತಿಂಗಳಿಗೆ ಅವರು ಸೂಪರ್‌ವೈಸರ್ ಆಗುತ್ತಿದ್ದರು, ಆಕೆ ಅವರನ್ನು ‘ಸರ್’ ಎನ್ನುತ್ತಿದ್ದಳು. ಕಂಪನಿ ಜಿಪುಣ ಎಂದು ನಾನು ಹೇಳಲಾರೆ. ಅಗ್ಗದ ಊಟ, ಆಸ್ಪತ್ರೆ, ಬೋನಸ್ಸು, ಕೂಸುಗಳನ್ನು ಬಿಡಲು ಶಿಶುವಿಹಾರ, ಎಲ್ಲವೂ ಇತ್ತು. ಉತ್ತಮ ಕೆಲಸಕ್ಕೆ ಕುಕ್ಕರ್ ಕೂಡ ಕೊಡುತ್ತಿದ್ದರು.

“ಮನ್ಯಾಗ ಮೂರ್ ಕುಕ್ಕರ್ ಆದವು. ಅನ್ನಾ ಮಾಡೂದು ಒಂದರಾಗ. ನನಗ ಕುಕ್ಕರ್ ಬ್ಯಾಡವ್ವಾ, ಕುರ್ಚಿ ಬೇಕು,” ಎಂದು ಆಕೆ ಗೆಳತಿಯರ ಮುಂದೆ ನಗುತ್ತಿದ್ದಳು.

ಆ ವರ್ಷ ಕುರ್ಚಿಯ ದಾರಿ ತೆರೆಯಿತು. ಕೆಲಸಗಾರರಿಂದಲೇ ಇಪ್ಪತ್ತು ಜನರನ್ನು ಆರಿಸಿ, ಬೆಂಗಳೂರಿನಲ್ಲಿ ತರಬೇತಿ ಕೊಟ್ಟು, ಸೂಪರ್‌ವೈಸರ್ ಮಾಡುವುದಾಗಿ ಕಂಪನಿ ನೋಟಿಸ್ ಹಚ್ಚಿತು. ವಯಸ್ಸು ನಲವತ್ತೈದು ಮೀರಿರಬಾರದು. ನೀಲಗಂಗಾಳಿಗೆ ಸರಿಯಾಗಿ ನಲವತ್ತೈದು. ಆ ನೋಟಿಸನ್ನು ಆಕೆ ನಾಲ್ಕು ಸಲ ಓದಿದಳು. ಆಮೇಲೆ ಅರ್ಜಿ ಬರೆದು, ಅದಕ್ಕೆ ಅರಿಶಿನ ಹಚ್ಚಿ ಕೊಟ್ಟಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಲೇಥು, ಕ್ರೇನು, ಹಾಜರಿ ಯಂತ್ರ, ಕ್ಯಾಂಟೀನಿನ ಗ್ರೈಂಡರು, ಎಲ್ಲಕ್ಕೂ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕುತ್ತ ಅಟೆಂಡರ್ ಫಕ್ಕೀರಪ್ಪ ಓಡಾಡುತ್ತಿದ್ದ. ಕೊನೆಗೆ ಒಂದು ಹಾರ ಉಳಿಯಿತು. ಅತ್ತ ಇತ್ತ ನೋಡಿದ, ನನ್ನನ್ನು ನೋಡಿದ. ಸ್ಟೂಲು ಹತ್ತಿ ನನ್ನ ಕೊರಳಿಗೆ ಹಾಕೇಬಿಟ್ಟ! ತಲೆಯ ಮೇಲಿನ ಬರಹ ಹೂವಿನಡಿ ಮುಚ್ಚಿಹೋಯಿತು. ಗಾಜಿನ ಮೇಲೆ, ಆ ತಿಂಗಳು ನನ್ನೊಳಗಿದ್ದ ನೀಲಗಂಗಾಳ ಹಣೆಗೆ ಸರಿಯಾಗಿ ಕುಂಕುಮವಿಟ್ಟು, ಕೆಳಗೆರಡು ಊದಿನಕಡ್ಡಿ ಸಿಗಿಸಿದ. ನಾನೂ ಹುಚ್ಚಪ್ಪ, ನನಗೂ ಹಬ್ಬ ಬಂತೆಂದು ಹಿಗ್ಗಿ ಹೀರೇಕಾಯಿಯಾದೆ.

ಹಬ್ಬದ ರಜೆ ಮುಗಿದ ಬೆಳಗ್ಗೆ ಬೆಂಗಳೂರಿನಿಂದ ತರಬೇತಿ ಅಧಿಕಾರಿ ಚಂದ್ರಿಕಾ ಬಂದರು. ಅರ್ಜಿದಾರರ ಪಟ್ಟಿ ಹಿಡಿದು ಚಹಾಕ್ಕೆಂದು ಕ್ಯಾಂಟೀನಿಗೆ ಬಂದವರು ನನ್ನ ಮುಂದೆ ಗಕ್ಕನೆ ನಿಂತರು. ಬಾಡಿದ ಹಾರ, ಬೂದಿಯಾದ ಊದಿನಕಡ್ಡಿ, ನಗುವ ಮುಖ, ಕೆಳಗೆ ಹೆಸರು.

“ಅಯ್ಯೋ ಪಾಪ, ಇನ್ನೂ ಚಿಕ್ಕ ವಯಸ್ಸು,” ಎಂದು ಕೈಮುಗಿದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಪೆನ್ನು ತೆಗೆದು ನೀಲಗಂಗಾಳ ಹೆಸರಿನ ಮೇಲೆ ಗೆರೆ ಎಳೆದರು.

ನನ್ನ ಗಾಜು ಸೀಳುವುದೊಂದು ಬಾಕಿ. ಬದುಕಿದ್ದಾಳೆ ತಾಯಿ, ಎರಡನೇ ಪಾಳಿಗೆ ಬರುತ್ತಾಳೆ ಎಂದು ಕೂಗಬೇಕೆನಿಸಿತು. ಬಾಯಿಯಿಲ್ಲದ ಜನ್ಮಕ್ಕೆ ಏನು ಮಾಡುವುದು? ಆ ದಿನ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಮಧ್ಯಾಹ್ನ ಆಯ್ಕೆಯಾದವರ ಪಟ್ಟಿ ಹಚ್ಚಿದರು. ಪಾಳಿಗೆ ಬಂದ ನೀಲಗಂಗಾ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಾಡಿಸಿದಳು. ಮುಖ ಸಣ್ಣದಾಯಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮೂಲೆಯ ಮೇಜಿನಲ್ಲಿ ಕೂತಿದ್ದ ಚಂದ್ರಿಕಾರ ಮುಂದೆ ಹೋಗಿ ನಿಂತಳು.

“ನಮಸ್ಕಾರ್ರೀ ಮೇಡಂ. ನಾನು ನೀಲಗಂಗಾ. ಪಟ್ಟ್ಯಾಗ ನನ್ನ ಹೆಸರು ಯಾಕ ಬಿಟ್ರಿ?”

ಚಂದ್ರಿಕಾ ತಲೆಯೆತ್ತಿದರು. ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಚಹಾ ಅರ್ಧ ಸೀರೆಗೆ ಹೋಯಿತು.

“ಅಲ್ಲಮ್ಮಾ... ನಿಮ್ಮ ಫೋಟೋಗೆ ಹಾರ ಹಾಕಿದಾರಲ್ಲ!”

ಇಡೀ ಕ್ಯಾಂಟೀನು ನನ್ನ ಕಡೆ ತಿರುಗಿತು. ಲೋಟ ಎತ್ತುತ್ತಿದ್ದ ಫಕ್ಕೀರಪ್ಪ ಎದೆಯುಬ್ಬಿಸಿ ಮುಂದೆ ಬಂದ.

“ನಾನ ಹಾಕೇನ್ರೀ ಮೇಡಂ! ಛಲೋ ಕೆಲಸಾ ಮಾಡೂ ಎಲ್ಲಾದಕ್ಕೂ ಹಾರಾ ಹಾಕು ಅಂದಿದ್ರು ಮ್ಯಾನೇಜರ್ ಸಾಹೇಬ್ರು. ಈ ಅಕ್ಕಾಗಿಂತ ಛಲೋ ಕೆಲಸಾ ಮಾಡೂ ಮಷೀನ್ ನಮ್ಮಲ್ಲೆ ಯಾವುದ್ ಐತ್ರಿ?”

ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಚಂದ್ರಿಕಾರಿಗೆ ನಾಚಿಕೆಯಿಂದ ನೆಲ ನೋಡುವಂತಾಯಿತು. ನೀಲಗಂಗಾ ಮಾತ್ರ ನಗಲಿಲ್ಲ.

“ತಪ್ಪಾಯ್ತಮ್ಮ. ಆದ್ರೆ ಪಟ್ಟಿ ಬೆಂಗಳೂರಿಗೆ ಹೋಗಿಬಿಟ್ಟಿದೆ, ಇಪ್ಪತ್ತೂ ಭರ್ತಿಯಾಗಿದೆ. ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ ನನಗ ನಲವತ್ತಾರ್ ಆಗ್ತಾವ್ರೀ. ಸತ್ತಾಳ ಅಂತ ಗೆರಿ ಎಳಿಯಾಕ ಒಂದ ನಿಮಿಷ ಸಾಕಾತು. ಬದುಕ್ಯಾಳ ಅಂತ ಬರಿಯಾಕ ಒಂದ್ ವರ್ಷ ಬೇಕೇನ್ರೀ?”

ನಗು ನಿಂತಿತು. ಚಂದ್ರಿಕಾ ಒಳ್ಳೆಯವರು, ಮಾತು ನಾಟಿತು. ಅಲ್ಲಿಂದಲೇ ಬೆಂಗಳೂರಿಗೆ ಫೋನು ಹಚ್ಚಿದರು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ ಮಾತಾಡಿದರು. “ತಪ್ಪು ನಂದು ಸರ್, ಅವರ ವರ್ಷ ಯಾಕೆ ಹೋಗ್ಬೇಕು?” ಎಂದದ್ದು ನನಗೂ ಕೇಳಿಸಿತು. ಫೋನಿಟ್ಟು ಎದ್ದುಬಂದು, ಗೋಡೆಯ ಪಟ್ಟಿಯ ಕೆಳಗೆ ತಮ್ಮ ಕೈಯಿಂದಲೇ ಇಪ್ಪತ್ತೊಂದು ಎಂದು ಹಾಕಿ ನೀಲಗಂಗಾ ಹಡಪದ ಎಂದು ಬರೆದರು. ಆಗ ಅತ್ತಳು ನೋಡಿ ಆಕೆ, ಹಾಗೆ ಅತ್ತಳು. ಫಕ್ಕೀರಪ್ಪ ಇಡೀ ಕ್ಯಾಂಟೀನಿಗೆ ಶಿರಾ ಹಂಚಿಸಿದ.

ಆಮೇಲೆ ನನ್ನ ಗ್ರಹಗತಿ ಕೆಟ್ಟಿತು. ‘ನನ್ನ ಫೋಟೋ ಬ್ಯಾಡ್ರೀ, ಮನ್ಯಾಗ ಹೆದರ್ತಾರ’ ಎಂದು ಒಬ್ಬೊಬ್ಬರೂ ಜಾರಿಕೊಂಡರು. ಕೆಲ ಕಾಲದಲ್ಲಿ ದೊಡ್ಡ ಟಿವಿ ಬಂತು, ನಾನು ಸ್ಟೋರ್ ರೂಮಿಗೆ ಹೋದೆ. ಅಲ್ಲಿಂದ ನನ್ನನ್ನು ಹುಡುಕಿ ತೆಗೆದವಳು ನೀಲಗಂಗಾ. ಅಷ್ಟರಲ್ಲಿ ಆಕೆ ಸೂಪರ್‌ವೈಸರ್ ಆಗಿ, ತರಬೇತಿ ಕೋಣೆಯ ಮುಖ್ಯಸ್ಥೆಯೂ ಆಗಿದ್ದಳು. ಧೂಳು ಒರೆಸಿ ಆ ಕೋಣೆಯ ಗೋಡೆಗೆ ಹಾಕಿದಳು. ಈಗ ನನ್ನೊಳಗೆ ಮುಖವಿಲ್ಲ. ಪ್ರತಿ ವರ್ಷ ಆಯ್ಕೆಯಾದವರ ಪಟ್ಟಿ ಇರುತ್ತದೆ. ನನಗೆ ವಯಸ್ಸಾಯಿತು, ಮೂಲೆ ಸಡಿಲವಾಗಿದೆ, ಗಾಜಿನಲ್ಲಿ ಗೀರು ಬಿದ್ದಿದೆ. ಆದರೂ ಇಷ್ಟು ನೆಮ್ಮದಿ ನನಗೆ ಹಿಂದೆ ಇರಲಿಲ್ಲ.

ಮೊನ್ನೆ ಪಟ್ಟಿ ತಯಾರಾಗುತ್ತಿತ್ತು. ಹೊಸದಾಗಿ ಬಂದ ಅಧಿಕಾರಿ, “ಮೆಹಬೂಬಿ ನದಾಫ್ ಹೆರಿಗೆ ರಜೆಯಲ್ಲಿದ್ದಾರೆ, ತರಬೇತಿಗೆ ಬರೋದಿಲ್ಲ,” ಎಂದು ಪೆನ್ನು ಎತ್ತಿದರು.

“ತಡೀರಿ ಸರ್. ಹೆಸರು ಹೊಡಿಯೂ ಮೊದಲ ಒಂದ್ ಸಲ ಕರದ್ ನೋಡೂಣು,” ಎಂದ ನೀಲಗಂಗಾ ಫೋನು ಹಚ್ಚಿ ಮೇಜಿನ ಮೇಲಿಟ್ಟಳು. “ಮೆಹಬೂಬೀ! ಅದೀಯೇನವ್ವಾ? ಟ್ರೇನಿಂಗಿಗೆ ಬರ್ತೀಯೇನು?”

ಆ ಕಡೆಯಿಂದ ಕೂಸಿನ ಅಳು. ಅದರ ಮೇಲೊಂದು ಏದುಸಿರಿನ ದನಿ.

“ಓ, ಅಕ್ಕಾರ! ಅದೀನ್ರೀ, ಬರ್ತೀನ್ರೀ!”